ಬೆಳಕು ಹಿಡಿಯದ ಕವಲು

ಸಾವಯವ ಎಂದೊಡನೆ ನಮಗೆ ನೆನಪಾಗುವುದು ಗೊಬ್ಬರ, ಸೊಪ್ಪು, ಸಂತೆ. ಸಾವಯವ ಸೌರಕೋಶದ ಮಾತಿನಲ್ಲಿ ಅದು ಇಂಗಾಲದ ಅಣುಗಳ ಹೆಸರು. ಸಾಮಾನ್ಯ ಸೌರಕೋಶದ ಸಿಲಿಕಾನ್ ಕರಗಬೇಕಾದರೆ 1,400 ಡಿಗ್ರಿಗೂ ಮೀರಿದ ಉರಿ ಬೇಕು. ಈ ಇಂಗಾಲದ ಅಣುಗಳನ್ನೋ ದ್ರಾವಕದಲ್ಲಿ ಕರಗಿಸಿ ಶಾಯಿಯಂತೆ ಹಾಳೆಗೆ ಬಳಿದುಬಿಡಬಹುದು.

ಇಷ್ಟು ಸಲೀಸಾಗಿ ಒದಗಿದ್ದಕ್ಕೆ ನಾವು ಬೆಲೆ ತೆರದೆ ಇರಲಾದೀತೇ? ಇಲ್ಲಿ ಬೆಳಕು ಬಿದ್ದಾಗ ಎಚ್ಚೆತ್ತ ಎಲೆಕ್ಟ್ರಾನ್, ತಾನು ಬಿಟ್ಟೆದ್ದ ಖಾಲಿ ಜಾಗದ ಸೆಳೆತದಲ್ಲೇ ಸಿಲುಕಿರುತ್ತದೆ. ಆ ಜೋಡಿ ಸುಮಾರು 10 ನ್ಯಾನೊಮೀಟರ್ ಅಲೆಯುವುದರೊಳಗೆ ಎಲೆಕ್ಟ್ರಾನನ್ನು ಬರಮಾಡಿಕೊಳ್ಳುವ ಇನ್ನೊಂದು ಅಣು ಎದುರಾಗಬೇಕು. ಆಗದಿದ್ದರೆ ಎರಡೂ ಮತ್ತೆ ಕೂಡಿಕೊಂಡು, ಹಿಡಿದ ಬೆಳಕು ಬಹುಪಾಲು ಬರಿಯ ಕಾವಾಗಿ ಹೋಗುತ್ತದೆ. ನಮ್ಮೊಳಗೂ ಎಷ್ಟೋ ಅರಿವು, ಸ್ವೀಕರಿಸುವವರು ಹತ್ತಿರವಿಲ್ಲದೆ, ಹೀಗೆಯೇ ಕಾವಾಗಿ ಆರಿಹೋಗಿಲ್ಲವೇ?

1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಎಲೆಕ್ಟ್ರಾನ್ ಕೊಡುವ ಅಣು, ಕೊಳ್ಳುವ ಅಣುಗಳನ್ನು ಎರಡು ಪದರವಾಗಿಟ್ಟು ಪಡೆದ ದಕ್ಷತೆ ಶೇ 1ರ ಆಸುಪಾಸು. 1995ರಲ್ಲಿ ಅಲನ್ ಹೀಗರ್ ತಂಡ ಎರಡನ್ನೂ ಬೆರೆಸಿಯೇ ಬಿಟ್ಟಿತು. ಎಲ್ಲಿ ನಿಂತರೂ ನೆರೆಮನೆ ಕೂಗಳತೆಯಲ್ಲಿ. 2019ರಲ್ಲಿ ಚೀನಾದ ಯಿಂಗ್‌ಪಿಂಗ್ ಝೌ ತಂಡದ ‘ವೈ6’ ಅಣು ಶೇ 15.7 ಮುಟ್ಟಿತು.

ಅಂಕಿಗಳ ಈ ಓಟಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಣುವಿನ ಬಾಲಗಳು. ಬೆಳಕು ಹೀರುವುದು ಅದರ ಬೆನ್ನೆಲುಬು. ಅದಕ್ಕಂಟಿದ ಇಂಗಾಲ-ಜಲಜನಕದ ಬಾಲಗಳು ಬೆಳಕನ್ನೂ ಹಿಡಿಯವು, ವಿದ್ಯುತ್ತನ್ನೂ ಸಾಗಿಸವು. ದುಡಿಯದ ಅಂಗವೆಂದು ಕತ್ತರಿಸೋಣವೇ? ಕತ್ತರಿಸಿದರೆ ಅಣು ಕರಗದು. ಕರಗದ ಮೇಲೆ ಶಾಯಿ ಎಲ್ಲಿಯದು? ಹಾಗೆಂದು ಬಾಲ ಹಿಗ್ಗಿದರೆ ಅಣುಗಳು ಒತ್ತೊತ್ತಾಗಿ ನಿಲ್ಲಲಾರವು, ಎಲೆಕ್ಟ್ರಾನಿನ ದಾರಿ ಕಡಿಯುತ್ತದೆ. 2021ರಲ್ಲಿ ಸಂಶೋಧಕರು ವೈ6ರ ಹೊರಬದಿಯ ನೆಟ್ಟನೆಯ ಬಾಲಗಳನ್ನು ತೆಗೆದು ಕವಲೊಡೆದವನ್ನು ಕೂರಿಸಿ ನೋಡಿದರು. ಬೆನ್ನೆಲುಬನ್ನು ಮುಟ್ಟಲಿಲ್ಲ. ಅಣುಗಳು ಒಂದರ ಪಕ್ಕ ಒಂದು ಕೂರುವ ಬಗೆ ಬದಲಾಯಿತು, ದಕ್ಷತೆ ಶೇ 18 ದಾಟಿತು. ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತ ಮುದುಕರ ಲೆಕ್ಕವನ್ನು ನಾವು ಯಾವ ಕಾಲಮ್ಮಿನಲ್ಲಿ ಬರೆಯುತ್ತೇವೆ? (ನಾನೂ ಈಗ ಆ ಜಗಲಿಯವನೇ; ಪಕ್ಷಪಾತವಿದ್ದರೆ ಕ್ಷಮಿಸಬೇಕು.)

ಕೊಡುವ, ಕೊಳ್ಳುವ ಅಣುಗಳನ್ನು ಬೆರೆಸಿದ್ದು ಬೆರೆತೇ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬಿಸಿಲಿಗಾಗಿಯೇ ಹುಟ್ಟಿದ ಈ ತೆಳುಪದರದಲ್ಲಿ, ಬಿಸಿಲಿನ ಕಾವಿಗೇ ಅಣುಗಳು ಮೆಲ್ಲನೆ ಸರಿದು ತಮ್ಮ ತಮ್ಮ ಜಾತಿಯ ಗುಂಪು ಸೇರತೊಡಗುತ್ತವೆ. ಹತ್ತಿರವಿದ್ದ ನೆರೆಮನೆ ದೂರವಾಗುತ್ತದೆ. ಇದನ್ನು ತಡೆಯಲೆಂದು ಅಣುವಿನ ಶಿಲ್ಪಿಗಳು ಈಗ ಮತ್ತೆ ಕವಲುಗಳ ಮುಂದೆಯೇ ಕೂತಿದ್ದಾರೆ.