ನೆಂಟರಿಗೆ ಎರಡು ದಿನ

ತಮ್ಮನ ಮದುವೆ ಲಿಸ್ಬನ್ನಿನಲ್ಲಿ ಅಂತ ನಿಶ್ಚಯವಾದ ರಾತ್ರಿಯೇ ನಾನು ಎಕ್ಸೆಲ್ ಶೀಟ್ ತೆರೆದು ಕೂತೆ. ಹುಡುಗಿ ಆ ಊರಿನವಳು, ಅವನ ಕೆಲಸವೂ ಅಲ್ಲೇ. ಶುಕ್ರವಾರ ಮದುವೆ, ಸೋಮವಾರ ವಾಪಸ್ ವಿಮಾನ. ನಡುವಿನ ಎರಡು ದಿನ ನಮ್ಮ ಕಡೆಯ ಹನ್ನೊಂದು ಜನರಿಗೆ ಊರು ತೋರಿಸುವ ಹೊಣೆ ನನ್ನದು. ಆಫೀಸಿನಲ್ಲಿ ಮಾಡೋದೂ ಅದೇ ಕೆಲಸ ಅಲ್ವಾ? ಶನಿವಾರ ಹತ್ತಕ್ಕೆ ಬೆಲೆಂನಲ್ಲಿರುವ ಜೆರೋನಿಮೋಸ್ ಮಠ, ಹನ್ನೊಂದಕ್ಕೆ ಕಸ್ಟರ್ಡ್ ತುಂಬಿದ ಪಾಸ್ಟೆಲ್ (ತಿನ್ನಲೇಬೇಕು!), ಆಮೇಲೆ ನದಿ ದಂಡೆಯ ಗೋಪುರ, 28ನೇ ನಂಬರಿನ ಹಳದಿ ಟ್ರಾಮ್, ಗುಡ್ಡದ ಮೇಲಿನ ಕೋಟೆ, ಸೂರ್ಯಾಸ್ತ. ಭಾನುವಾರ ರೈಲು ಹತ್ತಿ ಸಿಂತ್ರಾ.

ಮಠದ ಚರ್ಚಿನೊಳಗೆ ವಾಸ್ಕೋ ಡ ಗಾಮನ ಸಮಾಧಿ ಇದೆ. ಚಿಕ್ಕಪ್ಪ ಅದರ ಮುಂದೆ ನಿಂತುಬಿಟ್ಟರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. 1498, ಕಲ್ಲಿಕೋಟೆ ಅಂತ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿರಬಹುದೋ. ಏನೋ ಹೇಳಲು ಬಾಯಿ ತೆರೆದರು. ನಾನು ಫೋನ್ ನೋಡಿಕೊಂಡು, "ಚಿಕ್ಕಪ್ಪ, ಬನ್ನಿ, ಹನ್ನೊಂದಾಯ್ತು" ಅಂದೆ. ಅವರು ಬಂದರು.

ಪಾಸ್ಟೆಲ್ ಕೈಗೆ ಬಂದಾಗ ದೊಡ್ಡಮ್ಮ ಮೂಸಿ ನೋಡಿ, "ಪುಟ್ಟಿ, ಇದರಲ್ಲಿ ಮೊಟ್ಟೆ ಇದ್ಯಾ?" ಅಂದಳು. ಇತ್ತು. ಕಸ್ಟರ್ಡ್ ಅಂದರೇನೇ ಮೊಟ್ಟೆಯ ಹಳದಿ. ಎರಡು ತಿಂಗಳು ಕೂತು ಮಾಡಿದ ಶೀಟಿನಲ್ಲಿ ಈ ಒಂದು ಮಾತು ಇರಲಿಲ್ಲ. ಮಧ್ಯಾಹ್ನ ಕೋಟೆ ಏರಿನಲ್ಲಿ, ನುಣುಪಾದ ಸುಣ್ಣಕಲ್ಲಿನ ಹಾಸಿನ ಮೇಲೆ ಹೆಜ್ಜೆ ಅಳೆದು ಇಡುತ್ತಾ ಅವಳೇ ಕೇಳಿದಳು, "ಇನ್ನೆಷ್ಟಿದೆ?" ಆಸ್ಪತ್ರೆಯ ಕ್ಯೂನಲ್ಲಿ ಕೇಳುವ ಪ್ರಶ್ನೆ ಅದು.

ಆ ರಾತ್ರಿ ಚಿಕ್ಕಮ್ಮ ಮಾತಿಗೆ ಮಾತು ಬಂದು ಹೇಳಿದಳು: ಟಿಕೆಟ್‌ಗೆ ಎಫ್‌ಡಿ ಮುರಿಸಿದ್ದರಂತೆ. ವೀಸಾ ಶುಲ್ಕವೇ ತಲೆಗೆ 90 ಯೂರೋ. ಹೋಟೆಲ್ಲು, ಬೆಚ್ಚನೆ ಬಟ್ಟೆ ಬೇರೆ. "ಬರ್ದೇ ಇದ್ರೆ ನಿಮ್ಮಪ್ಪ ಬೇಜಾರು ಮಾಡ್ಕೋತಿದ್ರು" ಅಂದಳು, ಆಕ್ಷೇಪದ ಧಾಟಿಯೇನೂ ಇರಲಿಲ್ಲ.

ನಮ್ಮೂರಿನ ಛತ್ರದ ಮದುವೆಯಲ್ಲಿ ಲೆಕ್ಕ ಸರಳ. ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಬಿಸಿನೀರು, ಕಾಫಿ, ಮಲಗಲು ಜಮಖಾನ ಎಲ್ಲ ಕರೆದವರ ಪಾಲು. ದೂರದ ದೇಶದ ಮದುವೆಯಲ್ಲಿ ಅದು ತಲೆಕೆಳಗು. ಕರೆಯುವವರು ನಾವು, ಖರ್ಚು ನೆಂಟರದ್ದು. ಹಾಗಾದರೆ ನಾವು ಅವರಿಗೆ ಕೊಡಬೇಕಾದ್ದೇನು?

ನನ್ನ ಶೀಟು ಈ ಪ್ರಶ್ನೆಗೆ ನಾನೇ ಕೊಟ್ಟುಕೊಂಡಿದ್ದ ಉತ್ತರ ಅಂತ ಈಗ ಅನಿಸುತ್ತದೆ. ಇಷ್ಟು ಸುರಿದು ಬಂದಿದ್ದಾರೆ, ಅವರ ದುಡ್ಡು ವಸೂಲಾಗಬೇಕು. ಆದರೆ ಆ ಆತುರದಲ್ಲಿ ಹಗುರಾಗುತ್ತಿದ್ದುದು ನನ್ನ ಮನಸ್ಸಿನ ಭಾರ. ಹನ್ನೊಂದು ಜಾಗ ತೋರಿಸಿದರೆ ಋಣ ತೀರಿತು ಅನ್ನುವ ಲೆಕ್ಕ. ಉಪಚಾರದ ಹೆಸರಲ್ಲಿ ನಾವು ಎಷ್ಟೋ ಸಲ ನಮ್ಮನ್ನೇ ಉಪಚರಿಸಿಕೊಳ್ಳುತ್ತೇವೆ.

ಇದನ್ನು ಹೇಳಿದಾಗ ನನ್ನ ಕಸಿನ್, "ಅದಕ್ಕೇ ಯಾರಿಗೂ ಪ್ಲಾನ್ ಮಾಡಬಾರದು. ಮ್ಯಾಪ್ ಲಿಂಕ್ ಕಳಿಸಿ ಸುಮ್ಮನಿರು, ಎಲ್ಲ ದೊಡ್ಡವರು ತಾನೇ" ಅಂದ. ಕೇಳಲು ಗೌರವದ ಮಾತು. ಆದರೆ ಭಾಷೆ ಬರದ, ಟ್ರಾಮಿನ ಟಿಕೆಟ್ ಎಲ್ಲಿ ಕೊಳ್ಳಬೇಕೋ ಗೊತ್ತಿಲ್ಲದ ದೊಡ್ಡಮ್ಮನಿಗೆ "ನಿಮ್ಮಿಷ್ಟ" ಅನ್ನುವುದು ಸ್ವಾತಂತ್ರ್ಯವಲ್ಲ, ಕೈತೊಳೆದುಕೊಳ್ಳುವುದು. ಆ ಊರು ಗೊತ್ತಿರುವುದು ನಮಗೆ. ಎಲ್ಲಿ ಏರು, ಯಾವುದರಲ್ಲಿ ಮೊಟ್ಟೆ, ಶೌಚಾಲಯ ಎಲ್ಲಿ, ಸುಸ್ತಾದರೆ ವಾಪಸ್ ಬರುವುದು ಹೇಗೆ, ಇಷ್ಟನ್ನು ನಾವೇ ಹೇಳಬೇಕು. ಏನನ್ನು ಎಷ್ಟು ಹೊತ್ತು ನೋಡಬೇಕು ಅನ್ನುವುದು ಮಾತ್ರ ಅವರದ್ದು. ನಾನು ಸರಿಯಾಗಿ ಇದರ ಉಲ್ಟಾ ಮಾಡಿದ್ದೆ.

ಭಾನುವಾರ ಸಿಂತ್ರಾ ಬಿಟ್ಟೆವು. ದೊಡ್ಡಮ್ಮನನ್ನು ಕೇಳಿದೆ, "ನಿಂಗೇನು ಬೇಕು?" "ನಡೆಯೋದು ಬೇಡ, ನೀರು ನೋಡ್ಬೇಕು" ಅಂದಳು. ಕಾಯಿಶ್ ದೊ ಸೊದ್ರೆಯಿಂದ ಆಚೆ ದಡದ ಕಸಿಲ್ಯಾಶ್‌ಗೆ ದಿನಾ ಜನ ಕೆಲಸಕ್ಕೆ ಓಡಾಡುವ ದೋಣಿ ಇದೆ, ಹತ್ತು ನಿಮಿಷದ ದಾರಿ. ಹೋಗಿ ಬಂದೆವು. ಅವಳು ಇನ್ನೊಂದು ಸಲ ಅಂದಳು. ಇನ್ನೊಂದು ಸಲ ಹೋದೆವು. ತೇಜು ನದಿ ಅಲ್ಲಿ ಸಮುದ್ರದ ಹಾಗೇ ಕಾಣುತ್ತದೆ.

ಚಿಕ್ಕಪ್ಪನಿಗೆ, "ಮತ್ತೆ ಆ ಚರ್ಚಿಗೆ ಹೋಗೋಣ್ವಾ?" ಅಂತ ಕೇಳಿದೆ. "ಪರವಾಗಿಲ್ಲಮ್ಮ, ನೋಡಿದ್ವಲ್ಲ" ಅಂದರು. ಸಮಾಧಿಯ ಮುಂದೆ ಏನು ಹೇಳಲು ಹೊರಟಿದ್ದರೋ, ಆಮೇಲೂ ಕೇಳಿದೆ. ಮರೆತುಹೋಯ್ತು ಅಂದರು.

ನಿಮ್ಮಲ್ಲಿ ಯಾರಾದರೂ ಹೀಗೆ ದೂರಕ್ಕೆ ಕರೆಯುವವರಿದ್ದರೆ ಒಂದು ಮಾತು. ಕರೆಯೋಲೆಯ ಜೊತೆ ಖರ್ಚು ಇಷ್ಟಾಗಬಹುದು ಅಂತ ಬಿಚ್ಚಿ ಹೇಳಿ. ಬರಲಾಗದಿದ್ದರೂ ನಮ್ಮ ಪ್ರೀತಿ ಇದ್ದ ಹಾಗೇ ಇರುತ್ತೆ ಅಂತ ಬಾಯಿಬಿಟ್ಟು ಹೇಳಿ. ಇಲ್ಲ ಅನ್ನಲು ಆಗದವರನ್ನು ಕರೆಯುವುದಕ್ಕೆ ಆಹ್ವಾನ ಅಂತ ಹೆಸರಿಡಬಾರದು. ಅಷ್ಟಾದ ಮೇಲೂ ಬಂದರೆ, ದಿನಕ್ಕೊಂದೇ ಜಾಗ ಸಾಕು. ಅವರು ಎಲ್ಲಾದರೂ ನಿಂತರೆ, ಪಕ್ಕದಲ್ಲಿ ನಿಂತುಕೊಳ್ಳಿ.