ನೂರು ವರ್ಷದ ಶಾಲೆ, ಇಪ್ಪತ್ತಮೂರು ಮಕ್ಕಳು

ಊರಿನಿಂದ ಕಾಗದ ಬಂದಿದೆ. ಕಾಗದವೆಂದರೆ ಈಗ ಅಂಚೆಯಲ್ಲಿ ಬರುವುದಲ್ಲ, ಫೋನಿನಲ್ಲಿ ಬರುವ ಅದರ ಫೋಟೋ. ಒಕ್ಕಣೆ ಮಾತ್ರ ಹಳೆಯದೇ. "ತಾವು ವಿದ್ಯೆ ಕಲಿತ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೂರು ವರ್ಷ ತುಂಬಿರುವ ಈ ಶುಭ ಸಂದರ್ಭದಲ್ಲಿ" ಎಂದು ಶುರುವಾಗಿ "ಉದಾರ ದೇಣಿಗೆ" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಸಂಘದಲ್ಲಿ ಇಂಥ ಕಾಗದ ಬಾರದ ಮನೆಗಳು ಕಡಿಮೆ ಇರಬೇಕು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೂ, ಅನಂತರದ ವರ್ಷಗಳಲ್ಲೂ ಹಳ್ಳಿಹಳ್ಳಿಯಲ್ಲಿ ತೆರೆದ ಶಾಲೆಗಳು ಈಗ ಒಂದೊಂದಾಗಿ ನೂರು ತುಂಬಿಸಿಕೊಳ್ಳುತ್ತಿವೆ. ಅದಕ್ಕೆ ಮೊದಲು ಅನೇಕ ಊರುಗಳಲ್ಲಿ ಇದ್ದದ್ದು ಕೂಲಿಮಠ. ಐಗಳಿಗೆ ಕೊಡುವ ಶಕ್ತಿಯಿದ್ದವರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಉಳಿದವರ ಮಕ್ಕಳು ದನ ಕಾಯುತ್ತಿದ್ದರು. ಕಾಸಿಲ್ಲದವನ ಮಗುವಿಗೂ ಒಂದು ಮಣೆ ಸಿಕ್ಕಿದ್ದು ಸರಕಾರಿ ಶಾಲೆ ಬಂದ ಮೇಲೆ. ಅದನ್ನು ಆಚರಿಸಬೇಕಾದದ್ದೇ.

ಕಾಗದದಲ್ಲಿ ಮೂರು ದಿನದ ಕಾರ್ಯಕ್ರಮವಿದೆ. ಗುರುವಂದನೆ, ಸ್ಮರಣ ಸಂಚಿಕೆ ಬಿಡುಗಡೆ, ಕೊನೆಯ ರಾತ್ರಿ ಯಕ್ಷಗಾನ. ಮಧ್ಯಾಹ್ನ ಹೋಳಿಗೆ ಊಟ. ಅದರ ಕೆಳಗೆ "ಮುಂದಿನ ಯೋಜನೆಗಳು" ಎಂಬ ತಲೆಬರಹ: ಸ್ವಾಗತ ಕಮಾನು, ರಂಗಮಂದಿರ, ಕಾಂಪೌಂಡು, ಎರಡು ಕಂಪ್ಯೂಟರು. ಐವತ್ತು ಸಾವಿರಕ್ಕೆ ಮೇಲ್ಪಟ್ಟು ಕೊಟ್ಟವರ ಹೆಸರು ಕಮಾನಿನ ಕಂಬದ ಮೇಲೆ ಬರುತ್ತದಂತೆ. ಎಲ್ಲವೂ ಇದೆ, ಶಾಲೆಯಲ್ಲಿ ಮಕ್ಕಳೆಷ್ಟು ಎಂಬುದು ಮಾತ್ರ ಎಲ್ಲೂ ಇಲ್ಲ.

ಫೋನು ಮಾಡಿ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆವು. ಒಂದರಿಂದ ಏಳನೆಯ ತರಗತಿಯವರೆಗೆ 23 ಮಕ್ಕಳು. ನಮ್ಮ ಕಾಲದಲ್ಲಿ ಒಂದನೆಯ ತರಗತಿಯಲ್ಲೇ ನಲವತ್ತು ಜನರಿದ್ದೆವು. ಜಮಖಾನದ ಮೇಲೆ ಜಾಗ ಸಾಲದೆ ಬಾಗಿಲಿನ ಹೊಸ್ತಿಲಿಗೆ ಒರಗಿ ಮಗ್ಗಿ ಹೇಳಿದ್ದೇವೆ.

ಆ ರಾತ್ರಿ ಊರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ, ಕೊಂಚ ಗದರಿಸುವ ದನಿಯಲ್ಲೇ ಮಾತಾಡಿದೆವು. "ಏನಪ್ಪಾ ಇದು, ಊರ ಶಾಲೆ ಹೀಗೆ ಬಿಟ್ಟಿದ್ದೀರಿ?" ಅವನ ಇಬ್ಬರು ಮಕ್ಕಳೂ ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತವೆ. ಅವನು ಸಿಟ್ಟಾಗಲಿಲ್ಲ. "ಅಣ್ಣಾ, ನೀವೂ ಅತ್ತಿಗೆಯೂ ಅಲ್ಲಿ ಕೂತು ಕನ್ನಡ ಶಾಲೆ ಉಳಿಸಿ ಅಂತೀರಿ. ಉಳಿಸೋದಕ್ಕೆ ಮಕ್ಕಳು ಮಾತ್ರ ನನ್ನವೇ ಬೇಕು, ಅಲ್ವಾ?" ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ನಾವು ಹೊರಟುಬಂದವರು. ನಮ್ಮ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಓದುತ್ತಾರೆ. ಭಾನುವಾರ ಎರಡು ಗಂಟೆ, ಬಾಡಿಗೆಗೆ ಹಿಡಿದ ಇಗರ್ಜಿಯ ನೆಲಮಾಳಿಗೆಯಲ್ಲಿ ನಮ್ಮ ಸಂಘದ ಕನ್ನಡ ತರಗತಿ. ಅದಕ್ಕಾಗಿ ನಲವತ್ತು ಮೈಲಿ ಕಾರು ಓಡಿಸುವ ತಂದೆತಾಯಿಗಳಿದ್ದಾರೆ. ಅವರ ಶ್ರದ್ಧೆ ದೊಡ್ಡದು, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಆ ಎರಡು ಗಂಟೆಯ ಮೇಲೆ ನಮ್ಮ ಮಕ್ಕಳ ಅನ್ನ ನಿಂತಿಲ್ಲ. ಕಾಗುಣಿತ ತಪ್ಪಿದರೆ ನಕ್ಕು ಮತ್ತೆ ಬರೆಸುತ್ತೇವೆ. ಅವನ ಮಕ್ಕಳಿಗೆ ಅಂಥ ಬಿಡುವಿಲ್ಲ. ನಮ್ಮ ನೆನಪು ಹಸಿರಾಗಿರಲೆಂದು ಇನ್ನೊಬ್ಬರ ಮಕ್ಕಳ ಏಳು ವರ್ಷ ಕೇಳುವ ಹಕ್ಕು ನಮಗೆಲ್ಲಿಂದ ಬಂತು? ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದನ್ನು ಸರಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಕರ್ನಾಟಕದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. 2019ರಲ್ಲಿ ಸರಕಾರವೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಹೀಗಿರುವಾಗ ನಮ್ಮ ತಮ್ಮನೊಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಅವನಿಗೆ ಭಾಷೆಗಿಂತ ಹೆಚ್ಚಿನ ಚಿಂತೆ ಮೇಷ್ಟರದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮಕ್ಕಳು ಕಡಿಮೆಯಾದರೆ ಮೇಷ್ಟರು "ಹೆಚ್ಚುವರಿ" ಆಗಿ ಬೇರೆ ಊರಿಗೆ ಹೋಗುತ್ತಾರೆ. ಮೇಷ್ಟರು ಹೋದರೆಂದು ಇನ್ನಷ್ಟು ಮಕ್ಕಳು ವ್ಯಾನು ಹತ್ತುತ್ತವೆ. ಉಳಿದ ಇಬ್ಬರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ ಬರೆಯುವಾಗ ಇನ್ನೊಬ್ಬರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಇದರಲ್ಲಿ ಯಾರೊಬ್ಬರೂ ದುಷ್ಟರಲ್ಲ. ಶಾಲೆ ಮಾತ್ರ ಬರಿದಾಗುತ್ತದೆ.

ಇಷ್ಟು ಹೊತ್ತು ನಾವು ಖಾಲಿ ಜಾಗವನ್ನೇ ನೋಡುತ್ತಿದ್ದೆವು. ಆ 23 ಮಕ್ಕಳು ಯಾರು ಎಂದು ಕೇಳಿರಲೇ ಇಲ್ಲ. ಎರಡನೆಯ ಸಲ ಫೋನು ಮಾಡಿದಾಗ ಮುಖ್ಯೋಪಾಧ್ಯಾಯಿನಿಯವರು ಹೇಳಿದರು: ನಮಗೆ ಪರಿಚಯವಿದ್ದ ಮನೆಗಳ ಮಕ್ಕಳು ಅವರಲ್ಲಿ ನಾಲ್ಕೇ ಜನ. ಉಳಿದವರು ಅಡಿಕೆ ತೋಟದ ಕೆಲಸಕ್ಕೆ ದೂರದಿಂದ ಬಂದು ಲೈನ್ ಮನೆಗಳಲ್ಲಿ ಇರುವವರ ಮಕ್ಕಳು. ಕೆಲವರ ಮನೆಮಾತು ತೆಲುಗು, ಕೆಲವರದು ಹಿಂದಿ. ಕನ್ನಡ ಕಲಿಯುವುದೇ ಆ ಶಾಲೆಗೆ ಬಂದ ಮೇಲೆ. "ಆರು ತಿಂಗಳಲ್ಲಿ ಚೆನ್ನಾಗಿ ಮಾತಾಡ್ತವೆ ಸಾರ್, ಕೆಲಸ ಮುಗೀತು ಅಂತ ಅಪ್ಪ ಅಮ್ಮ ಬೇರೆ ಕಡೆ ಹೊರಟರೆ ಮಾತ್ರ ಕಷ್ಟ" ಎಂದರು.

ಹಾಗಾದರೆ ಶಾಲೆ ಸಾಯುತ್ತಿದೆ ಎಂದು ನಾವು ಮರುಗಿದ್ದು ಎಷ್ಟರಮಟ್ಟಿಗೆ ನಿಜ? ನೂರು ವರ್ಷದ ಹಿಂದೆ ಐಗಳಿಗೆ ಕೊಡಲು ಕಾಸಿಲ್ಲದವರಿಗಾಗಿ ತೆರೆದ ಬಾಗಿಲು ಅದು, ಈಗ ವ್ಯಾನಿಗೆ ಕೊಡಲು ಕಾಸಿಲ್ಲದವರಿಗೆ ತೆರೆದೇ ಇದೆ. ಹೊರನಾಡಿನಿಂದ ಬಂದ ಮಗುವಿಗೆ ಕನ್ನಡ ಕಲಿಸುತ್ತಿದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ತಕ್ಷಣ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆ ಮಕ್ಕಳು ನಮ್ಮವರೆಂದು ನಮಗೆ ಅನ್ನಿಸಿರಲಿಲ್ಲ, ಅಷ್ಟೇ. ಉತ್ಸವದ ದಿನ ಅವರು ಪ್ರಾರ್ಥನೆ ಹಾಡಿ ಕೆಳಗೆ ಕೂರುತ್ತಾರೆ, ನಾವು ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುತ್ತೇವೆ.

ಹಿರಿಯರು ಋಷಿಋಣ ಎನ್ನುತ್ತಿದ್ದರು. ಅದು ಗುರುವಿಗೆ ಹಿಂದಿರುಗಿಸಿ ತೀರುವಂಥದಲ್ಲ, ಓದಿ, ಓದಿಸಿ ತೀರಿಸಬೇಕಾದದ್ದು. ನಮಗೆ ಕಲಿಸಿದ ಮೇಷ್ಟರುಗಳಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಹಾರ ಅವರಿಗೆ ಸಲ್ಲಲಿ, ಸಾಲ ಮಾತ್ರ ಆ 23 ಮಕ್ಕಳ ಹೆಸರಿನಲ್ಲಿದೆ. ಹೀಗೆ ಬರೆದು ಸಮಾಧಾನಪಟ್ಟುಕೊಳ್ಳುವಾಗ ಹರೇಕಳ ಹಾಜಬ್ಬನವರ ನೆನಪಾಯಿತು. ಮಂಗಳೂರಿನಲ್ಲಿ ಕಿತ್ತಳೆ ಮಾರಿ, ಕೂಡಿಟ್ಟ ಹಣದಿಂದ ತಮ್ಮ ಊರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಬಂತು. ಅವರು ಶಾಲೆಯ ಮುಖ ಕಂಡವರೇ ಅಲ್ಲ, ತೀರಿಸಬೇಕಾದ ಯಾವ ಶಾಲೆಯ ಋಣವೂ ಅವರ ಮೇಲಿರಲಿಲ್ಲ. ಅವರ ಮುಂದೆ ನಮ್ಮ ಋಣದ ಲೆಕ್ಕಾಚಾರ ಕೊಂಚ ಸಣ್ಣದಾಗಿ ಕಾಣುತ್ತದೆ.

ನಾವು ಸಮಿತಿಗೆ ಬರೆದೆವು: ಕಮಾನು ಬೇಡ, ಆ ಹಣದಲ್ಲಿ ಮೂರು ವರ್ಷ ಒಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳಿ, ಲೈನ್ ಮನೆಯ ಮಕ್ಕಳಿಗೆ ಸಂಜೆ ಪಾಠ ಮಾಡಿಸಿ. ಬರೆದ ಮೇಲೆ ಅನುಮಾನಗಳು ಶುರುವಾದವು. ಸರಕಾರ ಕೊಡಬೇಕಾದ ಸಂಬಳವನ್ನು ನಾವು ಕೊಟ್ಟರೆ ಆ ಹುದ್ದೆ ಎಂದಾದರೂ ತುಂಬೀತೇ? ಮೂರು ವರ್ಷದ ನಂತರ ಆ ಹೆಣ್ಣುಮಗಳ ಗತಿಯೇನು? ದೂರದಲ್ಲಿ ಕೂತು ಊರಿನವರಿಗೆ ಬುದ್ಧಿ ಹೇಳಿದ ಹಾಗಾಯಿತೇ? ಹೋಳಿಗೆ ಊಟದ ಬಗ್ಗೆಯೂ ನಮಗೆ ತಕರಾರಿಲ್ಲ. ಉತ್ಸವ ಇಲ್ಲದಿದ್ದರೆ ಕಾಗದವೇ ಬರುತ್ತಿರಲಿಲ್ಲ, ನಾವು ಆ ಶಾಲೆಗೆ ಫೋನು ಮಾಡುತ್ತಲೂ ಇರಲಿಲ್ಲ.

ತಮ್ಮ ಮೊನ್ನೆ ಉತ್ತರ ತಂದ. "ಅಣ್ಣಾ, ಸಂಬಳಕ್ಕೆ ಕೊಟ್ಟ ದುಡ್ಡಿಗೆ ಹೆಸರು ಎಲ್ಲಿ ಕೆತ್ತಿಸೋದು ಅಂತ ಸಮಿತಿಯವರು ಕೇಳ್ತಿದ್ದಾರೆ." ತಮಾಷೆಯೋ ನಿಜವೋ ತಿಳಿಯಲಿಲ್ಲ. ಆಮೇಲೆ ತಾನಾಗಿಯೇ ಹೇಳಿದ: ಶನಿವಾರ ಮಧ್ಯಾಹ್ನ ಲೆಕ್ಕದ ಪಾಠ ತಾನೇ ಮಾಡುತ್ತಾನಂತೆ, ಅವನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾನಂತೆ. ಬಿ.ಎಸ್ಸಿ. ಓದಿದವನು, ಮಾಡಿಯಾನು.

ಇಂಥ ಕಾಗದ ಬಂದಿರುವ ಸದಸ್ಯರು ಮುಂದಿನ ಭಾನುವಾರ ತರಗತಿ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಅರ್ಧ ಗಂಟೆ ನಿಲ್ಲುವುದಾದರೆ ಕೂತು ಮಾತಾಡೋಣ. ಕಾಫಿ ನಮ್ಮ ಮನೆಯಿಂದ. ಬರುವ ಮೊದಲು ನಿಮ್ಮ ನಿಮ್ಮ ಊರಿಗೆ ಫೋನು ಮಾಡಿ, ಮಕ್ಕಳು ಎಷ್ಟು, ಯಾರ ಮನೆಯವರು ಎಂದು ಕೇಳಿಕೊಂಡು ಬನ್ನಿ.