ಹಾಡಿನ ಋಣ

ಹಿರಿಯರಿಂದ ಬಂದ ಮನೆಯನ್ನು ವರ್ಷಕ್ಕೊಮ್ಮೆ ಸುಣ್ಣ ಹೊಡೆದು ಇದ್ದ ಹಾಗೆಯೇ ಕಾಪಾಡುವುದು ಋಣಸಂದಾಯವೋ, ಬೆಳಕು ಸಾಲದಾದಾಗ ಗೋಡೆಯೊಡೆದು ಒಂದು ಕಿಟಕಿ ಇಡುವುದೂ ಅದರಲ್ಲಿ ಸೇರುತ್ತದೆಯೋ? ಭಾವಗೀತೆಯ ಪರಂಪರೆ ಹಾಗೂ ಆಧುನಿಕ ಕವಯಿತ್ರಿಯರ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕಾಮೋಠೆಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದು ಪಂಡಿತರ ಜಿಜ್ಞಾಸೆ ಮಾತ್ರವಲ್ಲ. ಮಾನಸರೋವರ ನಿಲ್ದಾಣದಲ್ಲಿ ಇಳಿದು ಮನೆ ಸೇರುವ ತನಕ ಕಿವಿಗೆ ಬೀಳುವುದು ಮರಾಠಿ, ಹಿಂದಿ. ಮಕ್ಕಳ ಪುಸ್ತಕದಲ್ಲಿರುವುದು ಇಂಗ್ಲಿಷು. ಅನೇಕ ಮನೆಗಳಲ್ಲಿ ಕನ್ನಡ ಉಳಿದಿರುವುದು ಊಟದ ಹೊತ್ತಿನ ಮಾತಿನಲ್ಲಿ, ಮತ್ತೆ ಹಾಡಿನಲ್ಲಿ. ಹಾಗಿರುವಾಗ ಯಾವ ಹಾಡು, ಯಾರ ಹಾಡು ಎಂದು ವಿಚಾರಿಸುವುದು ನಮ್ಮ ಪಾಲಿಗೆ ಅನಿವಾರ್ಯವೇ.

1926ರ 'ಇಂಗ್ಲಿಷ್ ಗೀತಗಳು' ಸಂಗ್ರಹದಿಂದ ಬಿ.ಎಂ.ಶ್ರೀ. ಹೊಸ ಹಾದಿ ತೆರೆದರು. ಬೇಂದ್ರೆ, ಕುವೆಂಪು ಅದನ್ನು ಹೆದ್ದಾರಿ ಮಾಡಿದರು. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಅದನ್ನು ಮನೆಯಂಗಳಕ್ಕೆ ತಂದಿತು. ರಾಜನಲ್ಲದ, ದೇವರಲ್ಲದ, ಸಾಮಾನ್ಯ ಮನುಷ್ಯನೊಬ್ಬನ ಒಳಮಿಡಿತವೂ ಲೋಕ ಕಿವಿಗೊಡಬೇಕಾದ ವಸ್ತು ಎಂದು ಒಪ್ಪಿಸಿದ್ದು ಭಾವಗೀತೆಯ ದೊಡ್ಡ ಸಾಧನೆ. ಆದರೆ ಅದರಲ್ಲಿ ಹೆಣ್ಣು ಬಹುಮಟ್ಟಿಗೆ ಹಾಡಿಸಿಕೊಂಡವಳು. ಆಕೆ ತಾನೇ ಮಾತನಾಡುವ ಪದ್ಯಗಳಲ್ಲಿಯೂ ದನಿಯನ್ನು ಕಡ ಕೊಟ್ಟವನು ಕವಿ. ಇದನ್ನು ತಪ್ಪೆನ್ನಲಾಗದು, ಪ್ರೀತಿಯಿಂದಲೇ ಕೊಟ್ಟದ್ದು. ಎಷ್ಟೇ ಪ್ರೀತಿಯಿಂದಾಗಲಿ, ನಮ್ಮ ಪರವಾಗಿ ಮತ್ತೊಬ್ಬರು ಆಡಿದ ಮಾತು ನಾವು ಆಡಿದ ಮಾತಾದೀತೆ?

ಮುಂದೆ ನವ್ಯ ಬಂತು. 1954ರ 'ಚಂಡೆಮದ್ದಳೆ'ಯಲ್ಲಿ ಗೋಪಾಲಕೃಷ್ಣ ಅಡಿಗರು ಇಂಪಿನ ಲಯವನ್ನು ಬಿಟ್ಟು ಆಡುಮಾತಿನ ಬಿಗಿಯನ್ನು ಹಿಡಿದರು. ಅದರ 'ನಾನು' ಕೂಡ ಬಹುಮಟ್ಟಿಗೆ ಗಂಡಸೇ. ಹೀಗೆ ಕನ್ನಡದ ಕವಯಿತ್ರಿಗೆ ಎರಡು ಆಸ್ತಿಗಳು ಬಂದವು. ಒಂದರಲ್ಲಿ ಆಕೆ ಮಲ್ಲಿಗೆ ಮುಡಿದ ನಾಯಕಿ. ಇನ್ನೊಂದರಲ್ಲಿ ನಾಯಕನ ತಳಮಳಕ್ಕೆ ಒದಗಿದ ಪ್ರತಿಮೆ. ಎರಡರಲ್ಲಿಯೂ ಆಕೆ ಕುಳಿತು ಬರೆಯಲು ಜಾಗವಿರಲಿಲ್ಲ.

ಆ ಜಾಗವನ್ನು ಅವರು ತಾವೇ ಮಾಡಿಕೊಂಡರು. ವಿಜಯಾ ದಬ್ಬೆಯವರ 'ಇರುತ್ತವೆ' 1975ರಲ್ಲಿ, ಮಾಲತಿ ಪಟ್ಟಣಶೆಟ್ಟಿಯವರ 'ಬಾ ಪರೀಕ್ಷೆಗೆ' 1976ರಲ್ಲಿ, ಸ. ಉಷಾ ಅವರ 'ತೊಗಲುಗೊಂಬೆಯ ಆತ್ಮಕಥೆ' 1981ರಲ್ಲಿ, ಪ್ರತಿಭಾ ನಂದಕುಮಾರ್ ಅವರ 'ನಾವು ಹುಡುಗಿಯರೇ ಹೀಗೆ' 1983ರಲ್ಲಿ, ವೈದೇಹಿಯವರ 'ಬಿಂದು ಬಿಂದಿಗೆ' 1990ರಲ್ಲಿ ಬಂದವು. ಇವರಲ್ಲಿ ನವ್ಯರೆಷ್ಟು, ನವ್ಯೋತ್ತರರೆಷ್ಟು ಎಂಬ ಲೆಕ್ಕವನ್ನು ವಿಮರ್ಶಕರಿಗೆ ಬಿಡೋಣ. ಹೆಸರುಗಳನ್ನಷ್ಟೇ ನೋಡಿ: ಗೊಂಬೆ ತನ್ನ ಕಥೆ ತಾನೇ ಹೇಳಹೊರಟಿದೆ, ಇನ್ನೊಬ್ಬಾಕೆ ಪರೀಕ್ಷೆಗೆ ಬಾ ಎಂದು ಕರೆಯುತ್ತಿದ್ದಾಳೆ. ಅಷ್ಟು ದಿನ ಹಾಡಿಸಿಕೊಂಡವಳು ಹೀಗೆ ಎದ್ದು ನಿಂತು ಮಾತಿಗೆ ತೊಡಗಿದಳು.

"ಇವರ ಕವಿತೆಯಲ್ಲಿ ಇಂಪಿಲ್ಲ, ಹಿರಿಯರು ಕೊಟ್ಟ ಸೊಗಸನ್ನು ಕೆಡಿಸಿದರು" ಎಂಬ ಆಕ್ಷೇಪ ಉಂಟು. ಇದರಲ್ಲಿ ಕೃತಘ್ನತೆಯ ಆರೋಪ ಅಡಗಿದೆಯಾದ್ದರಿಂದ ಸೊಗಸು ಮೊದಲು ಯಾರದಾಗಿತ್ತೆಂದು ಕೇಳಬೇಕಾಗುತ್ತದೆ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದಾಗ ವಿದ್ಯಾವಂತ ಕನ್ನಡಿಗರು ಬೆರಗಾಗಿ ನೋಡಿದ ತ್ರಿಪದಿಗಳು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ತವರಿನ ಹಂಬಲ, ಕೂಸಿನ ನಗು, ಬಾಳಿನ ಬೇಗೆ ಎಲ್ಲವನ್ನೂ ಹೆಂಗಸರು ಹಿಟ್ಟಿನೊಂದಿಗೆ ಬೀಸಿ ಹಾಡಾಗಿಸಿದ್ದರು. ಕಟ್ಟಿದವರ ಹೆಸರು ಮಾತ್ರ ಉಳಿಯಲಿಲ್ಲ. ನಮ್ಮ ನೆರೆಯ ಮರಾಠಿಯಲ್ಲಿಯೂ ಇದೇ ಕಥೆ. ಅಕ್ಷರ ಬಾರದ ಬಹಿಣಾಬಾಯಿ ಚೌಧರಿಯವರು ಮನೆಗೆಲಸ, ಹೊಲಗೆಲಸಗಳ ನಡುವೆ ಕಟ್ಟಿದ ಓವಿಗಳು ಅಚ್ಚಾದದ್ದು 1952ರಲ್ಲಿ, ಅವರು ತೀರಿಕೊಂಡ ಮೇಲೆ. ಮಗ ಸೋಪಾನದೇವರು ಸ್ವತಃ ಕವಿಯಾಗಿದ್ದುದರಿಂದ ಆ ಹೆಸರು ಉಳಿಯಿತು. ಬೆಳಗಾವಿಯಲ್ಲಿ ಬಾಳಿದ ಇಂದಿರಾ ಸಂತರು ಭಾವಗೀತೆಯ ಪುಟ್ಟ ಆಕಾರವನ್ನು ಬಿಡದೆ, ಅಗಲಿಕೆಯನ್ನೂ ಒಂಟಿತನವನ್ನೂ ಅಲಂಕಾರವಿಲ್ಲದೆ ಬರೆದರು. 1984ರಲ್ಲಿ 'ಗರ್ಭರೇಶೀಮ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದುದರಿಂದ ಭಾವಗೀತೆ ಗಂಡಸರು ಹೆಂಗಸರಿಗೆ ಕೊಟ್ಟ ಉಡುಗೊರೆ ಎಂಬ ಎಣಿಕೆಯೇ ಅರ್ಧಸತ್ಯ. ಹೆಸರಿಲ್ಲದ ಅಜ್ಜಿಯರ ಗಂಟನ್ನು ಹೆಸರುಳ್ಳ ಮೊಮ್ಮಕ್ಕಳು ಬಿಚ್ಚಿಕೊಂಡರು. ರಾಗ ಆ ಗಂಟಿನ ಬಟ್ಟೆ. ಒಳಗಿರುವ ಒಡವೆ ತನ್ನ ಅನುಭವವನ್ನು ತನ್ನ ಬಾಯಿಂದ ಹೇಳುವ ಹಕ್ಕು. ನಿಜ ಹೇಳಲು ರಾಗ ಒಗ್ಗದಿದ್ದಾಗ ರಾಗವನ್ನು ಬಿಟ್ಟವರು ಪರಂಪರೆಯ ತಿರುಳನ್ನು ಉಳಿಸಿದರೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ಒಂದು ನ್ಯಾಯವಾದ ಪ್ರತಿವಾದವಿದೆ. ಹಾಡಲು ಬಾರದ ಕವಿತೆ ನೆನಪಿನಲ್ಲಿ ನಿಲ್ಲುವುದು ಕಷ್ಟ. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲೆ ಓದು ಬಾರದವರ ನಾಲಿಗೆಯ ಮೇಲೂ ಕವಿತೆ ಆಡಿತು. ಲಿಪಿ ತಿಳಿಯದ ಹೊರನಾಡಿನ ಮಗುವಿಗೆ ಹಾಡೇ ಪಾಠಶಾಲೆ. ಒಪ್ಪೋಣ. ಆದರೆ ಹಾಡಿಗೆ ಒಗ್ಗಿದ್ದನ್ನಷ್ಟೇ ಉಳಿಸಿಕೊಂಡರೆ ಹಬ್ಬಕ್ಕೊಮ್ಮೆ ತೊಟ್ಟು ಪೆಟ್ಟಿಗೆಗೆ ಸೇರಿಸುವ ಅಜ್ಜಿಯ ಸರದ ಹಾಗಾದೀತು ನಮ್ಮ ಹೆಣ್ಣುಮಕ್ಕಳ ಕನ್ನಡ. ಅದರಲ್ಲಿ ಅವರು ನಾಚಬಲ್ಲರು, ವಿರಹ ಪಡಬಲ್ಲರು. ಸಿಟ್ಟಾಗಲು, ವಾದಿಸಲು, ಬೇಡವೆನ್ನಲು ಬೇರೆ ಭಾಷೆಗೆ ಹೋಗಬೇಕು. ತನ್ನ ನಿಜವನ್ನು ಹೇಳಲು ಬಾರದ ಭಾಷೆಯನ್ನು ಯಾವ ಮಗಳು ತನ್ನ ಮಗಳಿಗೆ ದಾಟಿಸಿಯಾಳು?

ಸಂಘದ ವೇದಿಕೆಗಳಲ್ಲಿ ಹುಡುಗಿಯರಿಂದ ಭಾವಗೀತೆ ಹಾಡಿಸುವ ರೂಢಿ ಒಳ್ಳೆಯದು, ಅದು ನಡೆಯಲಿ. ಮೂರು ಹಾಡುಗಳ ನಡುವೆ, ವಾದ್ಯಗಳು ಸುಮ್ಮನಿರುವಾಗ, ಕವಯಿತ್ರಿಯೊಬ್ಬರ ಕವಿತೆಯನ್ನು ಒಬ್ಬಳು ನಿಂತು ಓದಲಿ. ಲಿಪಿ ಬಾರದವಳಿಗೆ ತಾಯಿ ಬಾಯಿಪಾಠ ಮಾಡಿಸಲಿ. ಅದಕ್ಕೆ ತಗಲುವುದು ಎರಡು ನಿಮಿಷ. ಚಪ್ಪಾಳೆ ಕಡಿಮೆಯಾದರೂ ಚಿಂತೆಯಿಲ್ಲ; ಬೀಸುವ ಕಲ್ಲಿನ ಮುಂದೆ ಕುಳಿತವರಿಗೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.